ಎಡಪಕ್ಕೆಯ ಪಾಠ

ಪಟ ನೇತುಹಾಕುವ ಮೊಳೆ ಮತ್ತೆ ಸಡಿಲಾಗಿತ್ತು. ಕಂಪೌಂಡರ್ ಕಮಲಾಕರ ಹೆಗಡೆ ಔಷಧ ಅರೆಯುವ ಕಲ್ಲಿನ ಗುಂಡಿನಿಂದ ಅದನ್ನು ನಾಲ್ಕು ಸಲ ಬಡಿದ, ಐದನೆಯ ಸಲ ತನ್ನ ಹೆಬ್ಬೆರಳಿಗೇ ಬಡಿದುಕೊಂಡ. "ಹಾಳಾಗಿ ಹೋಗು!" ಎಂದು ಅವನು ಬೈದದ್ದು ಮೊಳೆಗೋ, ಪಟಕ್ಕೋ, ಬೆನ್ನ ಹಿಂದೆ ಚಾಪೆಯ ಮೇಲೆ ಕೂತಿದ್ದ ಆರು ಜನ ಸೂಲಗಿತ್ತಿಯರಿಗೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಯಲ್ಲಾಪುರದ ಹಾದಿಯ ಹೊಸನಾಕೆಯಲ್ಲಿರುವ ಈ ಎರಡು ಕೋಣೆಯ ದವಾಖಾನೆಗೆ ಸೂಲಗಿತ್ತಿಯರ ವರ್ಗ ಎನ್ನುವುದೊಂದು ಬಂದು ವಕ್ಕರಿಸಿ ಐದು ವಾರ. ಮುಂದಿನ ತಿಂಗಳಿಂದ ಸರ್ಟಿಫಿಕೇಟು ಇಲ್ಲದವಳು ಹೆರಿಗೆಗೆ ಕೈ ಹಾಕಕೂಡದು ಎಂದು ಮೇಲಿನವರ ಹುಕುಂ. ಸರ್ಟಿಫಿಕೇಟು ಬೇಕೆಂದರೆ ಮನುಷ್ಯನ ಶರೀರದ ಬಗ್ಗೆ ಹದಿನೈದು ಪಾಠ. ಪಾಠ ಮಾಡಬೇಕಾದವರು ಡಾಕ್ಟರ್ ಸಾಹೇಬರು, ಅವರಿಗೆ ಪುರುಸೊತ್ತಿಲ್ಲ, ಆದ್ದರಿಂದ ಕಮಲಾಕರ. ಎಲುಬು ಆಯಿತು, ನೆತ್ತರು ಆಯಿತು, ಎದೆಗೂಡು ಆಯಿತು. ಇವತ್ತು ಹೊಟ್ಟೆ. ಮುಂಬಯಿಯಲ್ಲಿ ಅಚ್ಚಾದ ಪಟದ ಬಿಳಿಯ ಗಂಡಸು ಎದೆಯಿಂದ ಕಿಬ್ಬೊಟ್ಟೆಯವರೆಗೆ ಚರ್ಮ ಬಿಚ್ಚಿಸಿಕೊಂಡೂ ನಿರುಮ್ಮಳವಾಗಿ ಎದುರಿಗೆ ನೋಡುತ್ತಿದ್ದ. ಅವನ ಮುಖ ನೋಡಿದರೆ ಸಾಕು, ಕಮಲಾಕರನಿಗೆ ಮೈ ಉರಿಯುತ್ತಿತ್ತು. ಹೊಟ್ಟೆ ಸೀಳಿದ್ದರೂ ಒಂದು ಹನಿ ರಕ್ತವಿಲ್ಲ, ನಾತವಿಲ್ಲ, ನೊಣವಿಲ್ಲ.

ಚಾಂದ್ ಬಿ ಎಂದಿನಂತೆ ಮುಂದಿನ ಸಾಲಿನಲ್ಲಿ, ಅವನ ಕಾಲಿನಿಂದ ಮೂರು ಮೊಳ ದೂರದಲ್ಲಿ ಕೂತಿದ್ದಳು. ಐವತ್ತೈದು ದಾಟಿದ ಹೆಂಗಸು, ಬಿಳಿಯ ಸೆರಗು, ದಪ್ಪ ಗೆಣ್ಣಿನ ಕೈಗಳು ಮಡಿಲಲ್ಲಿ. ಮೂವತ್ತು ವರ್ಷದಿಂದ ಹೆರಿಗೆ ಮಾಡಿಸಿದವಳಿಗೆ ಈ ಹೆಗಡೆ ಏನು ಕಲಿಸ್ತಾನೆ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದವಳು, ಮಗ ಸತ್ತ ಮರುವಾರ, ವರ್ಗದ ಮೊದಲ ದಿನವೇ, ಬಂದು ಇಲ್ಲಿ ಕೂತಳು. ಅವತ್ತಿನಿಂದ ಒಂದು ದಿನ ತಪ್ಪಿಸಿಲ್ಲ. ಒಂದು ಮಾತಾಡಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಬೈದಿದ್ದರೆ ತಿರುಗಿ ಬೈದು ಹೊರಗೆ ಹಾಕಬಹುದಿತ್ತು. ಸುಮ್ಮನೆ ನೋಡುವವಳಿಗೆ ಏನು ಮಾಡುವುದು? ನಾಳೆ ಯಲ್ಲಾಪುರದ ಕಚೇರಿಯಲ್ಲಿ ಅವಳ ಮಗ ರಸೂಲನ ಸಾವಿನ ವಿಚಾರಣೆ. ಅಲ್ಲಿ ಡಾಕ್ಟರ್ ಸಾಹೇಬರು ಹೆಣ ಕೊಯ್ದ ರಿಪೋರ್ಟನ್ನು ಓದಿ ಹೇಳುತ್ತಾರೆ, ಅವನನ್ನು ಹೊಡೆದನೆಂಬ ಆರೋಪ ಹೊತ್ತ, ಗುತ್ತಿಗೆದಾರರ ಆಳುಗಳ ಮೇಲಿನ ಮುಕಾದಮ ನಾಗಪ್ಪ ಕೈಮುಗಿದು ಮೆಟ್ಟಲಿಳಿದು ಮನೆಗೆ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು. ಮುಗಿದರೆ ಸಾಕು, ಒಮ್ಮೆ ಮುಗಿದರೆ ಸಾಕು ಎಂದು ಕಮಲಾಕರ ಐದು ವಾರದಿಂದ ದಿನ ಎಣಿಸುತ್ತಿದ್ದ. ಇವತ್ತು ಬೆಳಿಗ್ಗೆ ಹೆಂಡತಿ ಪರಿಮಳಾ ತಟ್ಟೆಯ ಮುಂದೆ ನಿಂತು, "ಒಂದು ತಿಂಗಳಾತು, ಸರಿಯಾಗಿ ಉಣ್ತ್ರಿಲ್ಲೆ. ಎಂತ ಆಯ್ದು ಕೇಳಿದ್ರೆ ಮಾತೇ ಇಲ್ಲೆ" ಎಂದಾಗ ತಟ್ಟೆಯನ್ನು ದೂಡಿ ಎದ್ದುಬಂದಿದ್ದ. ಅವಳು ಏನು ತಪ್ಪು ಕೇಳಿದಳು? ಏನೂ ಇಲ್ಲ. ಅದಕ್ಕೇ ಹೆಚ್ಚು ಸಿಟ್ಟು ಬಂತು.

"ಇದು ಜಠರ," ಎಂದ, ಕೋಲಿನಿಂದ ಪಟಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿ. "ಉಂಡ ಅನ್ನ ಮೊದಲು ಇಲ್ಲಿಗೆ ಬರುತ್ತದೆ. ಇಲ್ಲಿಂದ ಈ ಸಣ್ಣ ಕರುಳಿಗೆ. ಇದು ಯಕೃತ್ತು, ಬಲಗಡೆ, ಪಕ್ಕೆಲುಬಿನ ಕೆಳಗೆ. ಪಿತ್ತ ಹುಟ್ಟುವುದು ಇಲ್ಲಿ." ಹಿಂದಿನ ಸಾಲಿನ ಸೀತಮ್ಮ ಆಕಳಿಸಿದಳು. ಅವಳ ಪಕ್ಕದ ದೇವಿ, "ಕೋಳಿಗೂ ಹಿಂಗೇ ಇರ್ತದೆ" ಎಂದಳು, ಎಲ್ಲರೂ ನಕ್ಕರು, ಚಾಂದ್ ಬಿಯ ಹೊರತು. ನಗಲಿ. ಅವನಿಗೂ ಈ ವಿದ್ಯೆಯೆಲ್ಲ ಎಲ್ಲಿಂದ ಬಂತು? ಹನ್ನೆರಡು ವರ್ಷದ ಹಿಂದೆ ಕಂಪೌಂಡರ್ ಪರೀಕ್ಷೆಗೆ ಪುಸ್ತಕ ಬಾಯಿಪಾಠ ಮಾಡಿ ಬಂದವನಿಗೆ ಯಕೃತ್ತು ಎಂದರೆ ಒಂದು ಶಬ್ದ. ಅದು ಕಡುಕೆಂಪು, ನುಣುಪು, ಕೈಯಲ್ಲಿ ಹಿಡಿದರೆ ತೂಕದಿಂದ ಜಾರುತ್ತದೆ ಎಂದು ತೋರಿಸಿಕೊಟ್ಟವನು ಕೆರಿಯ, ದವಾಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಣ ಕೊಯ್ಯುವವನು. ಹೆಸರುಗಳು ಕಮಲಾಕರನವು, ಅಂಗಗಳು ಕೆರಿಯನವು. ಇಲ್ಲಿ ಹೆಣ ಕೊಯ್ಯುವ ಪದ್ಧತಿಯೇ ಹಾಗೆ. ಡಾಕ್ಟರ್ ಸಾಹೇಬರು ನಲವತ್ತು ಹೆಜ್ಜೆ ಆಚೆ ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂರುತ್ತಾರೆ. ಕೆರಿಯ ಕೊಯ್ದು, ಕಂಡದ್ದನ್ನು ಕೂಗಿ ಹೇಳುತ್ತಾನೆ. ಕಮಲಾಕರ ಇಬ್ಬರ ನಡುವೆ, ಮನೆಗೆ ಹೋಗಿ ಮಿಂದರೆ ಸಾಕಾಗುವಷ್ಟು ದೂರದಲ್ಲಿ ನಿಂತು, ಅದನ್ನು ಇಂಗ್ಲಿಷಿನಲ್ಲಿ ಫಾರಮಿಗೆ ತುಂಬುತ್ತಾನೆ. ಸಾಹೇಬರು ಓದಿ ರುಜು ಹಾಕುತ್ತಾರೆ. ಹೆಣವನ್ನು ಮುಟ್ಟಿದವನಿಗೆ ಬರೆಯಲು ಬಾರದು, ಬರೆದವನು ಮುಟ್ಟುವುದಿಲ್ಲ, ರುಜು ಹಾಕಿದವನು ನೋಡುವುದೂ ಇಲ್ಲ. ಇದಕ್ಕೆ ವಿಜ್ಞಾನ ಎಂದು ಹೆಸರು!

ಕೋಲು ಪಟದ ಗಂಡಸಿನ ಎಡಪಕ್ಕೆಗೆ ಬಂದಿತ್ತು. ಜಠರದ ಹಿಂದೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ನೇರಳೆ ಬಣ್ಣದ ಸಣ್ಣದೊಂದು ಅಂಗ. ಕಮಲಾಕರ ಅದನ್ನು ದಾಟಿ ಕೋಲನ್ನು ಕೆಳಕ್ಕಿಳಿಸಿದ. "ಇವು ಮೂತ್ರಪಿಂಡ. ಎರಡು."

"ಹೆಗಡೇರ."

ಐದು ವಾರದಲ್ಲಿ ಮೊದಲ ಸಲ. ದನಿ ಒರಟಾಗಿತ್ತು. "ಆ ನೇರಳೆ ಬಣ್ಣದ್ದು ಏನ್ರಿ? ಅದನ್ನ ಹೇಳಲೇ ಇಲ್ಲ ನೀವು."

"ಅದು ನಿಮಗೆ ಬೇಡ."

"ಪಟದಾಗ ಐತಲ್ರಿ."

"ಪಟದಲ್ಲಿ ಹಲ್ಲೂ ಉಂಟು, ಮೀಸೆಯೂ ಉಂಟು! ಸೂಲಗಿತ್ತಿಗೆ ಗರ್ಭಕೋಶ ತಿಳಿದರೆ ಸಾಕು. ಎಲ್ಲ ಕಲಿತು ನೀನೇನು ಸಿವಿಲ್ ಸರ್ಜನ್ ಆಗುತ್ತೀಯಾ?" ಹೆಂಗಸರು ಮತ್ತೆ ನಗುತ್ತಾರೆ ಎಂದುಕೊಂಡಿದ್ದ. ಯಾರೂ ನಗಲಿಲ್ಲ. ಸೀತಮ್ಮ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳತೊಡಗಿದಳು. ಹೇಳಿದ ಮಾತು ಅವನ ಕಿವಿಯಲ್ಲೇ ಉಳಿಯಿತು, ಥೂ, ಎಂಥ ಕೊಳಕು ಮಾತು. ಇದೇ ಚಾಂದ್ ಬಿಯನ್ನು ಆರು ವರ್ಷದ ಹಿಂದೆ ಇವನೇ ಓಡಿಹೋಗಿ ಕರೆತಂದಿದ್ದ. ಪರಿಮಳಾ ಎರಡು ದಿನದಿಂದ ಒದ್ದಾಡುತ್ತಿದ್ದಳು, ಮಗು ಅಡ್ಡ ಕೂತಿತ್ತು, ನೆಂಟರ ಸೂಲಗಿತ್ತಿ ಕೈಚೆಲ್ಲಿದ್ದಳು. ಇವನ ತಾಯಿ ಮುಂಬಾಗಿಲಿಗೆ ಅಡ್ಡ ನಿಂತು, "ಹಿತ್ಲ ಬದಿಂದ ಬರ್ಲಿ" ಎಂದಿದ್ದಳು. ಚಾಂದ್ ಬಿ ಹಿತ್ತಿಲಿನಿಂದ ಬಂದಳು, ಹೊಟ್ಟೆಯ ಮೇಲಿನಿಂದಲೇ ಎರಡೂ ಕೈಗಳಿಂದ ಮಗುವನ್ನು ತಿರುಗಿಸಿದಳು, ಅರ್ಧ ತಾಸಿಗೆ ಹೆಣ್ಣು ಕೂಸು ಅತ್ತಿತು. ಅವಳು ಹಿತ್ತಿಲಿನಿಂದಲೇ ಹೋದಳು. ಅವಳು ನಡೆದ ದಾರಿಯ ಮೇಲೆ ತಾಯಿ ಸಗಣಿ ನೀರು ಚಿಮುಕಿಸುತ್ತಿದ್ದಾಗ ಅವಳು ಒಮ್ಮೆ ತಿರುಗಿ ನೋಡಿದ್ದಳು. ಕಮಲಾಕರ ಕಂಬದ ಮರೆಗೆ ಸರಿದಿದ್ದ. ಈಗಲೂ ಅದೇ ನೋಟ, ಅದೇ ಕಣ್ಣು. ಇಲ್ಲಿ ಕಂಬವಿರಲಿಲ್ಲ.

"ಗುಲ್ಮ," ಎಂದ. "ಅದು ಗುಲ್ಮ."

"ಎಷ್ಟು ದೊಡ್ಡದಿರತೈತ್ರಿ?"

"ಮುಷ್ಟಿಯಷ್ಟು. ಪಕ್ಕೆಲುಬಿನ ಒಳಗೇ ಇರುತ್ತದೆ, ಕೈಗೆ ಹತ್ತುವುದಿಲ್ಲ. ಚಳಿಜ್ವರ ಬಂದು ಬಂದು ಹಳತಾದವರಿಗೆ ಬೆಳೆಯುತ್ತದೆ, ಕೆಳಗಿಳಿಯುತ್ತದೆ." ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಪುಸ್ತಕದ ಸಾಲುಗಳು. ಕಣ್ಣ ಮುಂದೆ ಮಾತ್ರ ಬಿಳಿ ಎನಾಮೆಲ್ ತಟ್ಟೆ. ರಸೂಲನ ಹೆಣ ಕೊಯ್ದ ದಿನ ಸಾಹೇಬರಿಗೆ ಮಧ್ಯಾಹ್ನದ ಮೋಟಾರು ಹಿಡಿಯಬೇಕಿತ್ತು. "ಹೆಗಡೆ, ಬೇಗ, ಬೇಗ" ಎಂದು ಮರದ ಕೆಳಗಿನಿಂದ ಕೂಗುತ್ತಿದ್ದರು. ಬೇಗ ಆಗಲಿ ಎಂದೇ ಕಮಲಾಕರ, ಎಂದಿನಂತೆ, ಕೆರಿಯ ಕತ್ತಿ ಹಿಡಿಯುವ ಮೊದಲೇ ಫಾರಮಿನಲ್ಲಿ ಗುಲ್ಮದ ಎದುರಿಗೆ 'ದೊಡ್ಡದಾಗಿದೆ' ಎಂದು ಬರೆದುಬಿಟ್ಟಿದ್ದ. ಈ ಜ್ವರದ ಸೀಮೆಯಲ್ಲಿ ಯಾರ ಗುಲ್ಮ ದೊಡ್ಡದಲ್ಲ? ಹನ್ನೆರಡು ವರ್ಷ ಬಂದ ಹೆಣಕ್ಕೆಲ್ಲ ಹಾಗೇ ಬರೆದಿದ್ದ, ಹನ್ನೆರಡು ವರ್ಷವೂ ಅದು ಸರಿಯಾಗಿತ್ತು. ಹೆಣದ ಹೆಸರನ್ನು ಓದಿರಲಿಲ್ಲ. ಹತ್ತು ವರ್ಷ ಈ ಜ್ವರವಿಲ್ಲದ ಹುಬ್ಬಳ್ಳಿಯಲ್ಲಿ ಮಾವನ ಹತ್ತಿರ ಬೆಳೆದು, ಎರಡು ತಿಂಗಳ ಹಿಂದಷ್ಟೇ ತಾಯಿಯ ಹತ್ತಿರ ಬಂದು ಅರಬೈಲ್ ಘಟ್ಟದಲ್ಲಿ ಸಾಗವಾನಿಯ ಗಾಡಿ ಹೊಡೆಯುತ್ತಿದ್ದ ಹುಡುಗ ಎಂದು ಯಾರಿಗೆ ಗೊತ್ತಿತ್ತು? ಕೆರಿಯ ಕೂಗಲಿಲ್ಲ. ತಟ್ಟೆಯಲ್ಲಿ ಹಾಕಿಕೊಂಡು ಇವನ ಹತ್ತಿರವೇ ತಂದ. "ಗುಲ್ಮ ಒಡೆದದೆ ಒಡ್ಯಾ. ಆದ್ರೆ ಸಣ್ಣದು, ನೋಡಿ. ಇಂಥ ಚೊಕ್ಕ ಗುಲ್ಮ ಈ ಸೀಮೆಯಲ್ಲಿ ನಾ ಕಂಡದ್ದೇ ಇಲ್ಲ. ಪಕ್ಕೆಲುಬು ಮೂರು ಮುರಿದು ಒಳಗೆ ನೆಟ್ಟವೆ." ಕಮಲಾಕರ ನೋಡಿದ. ಚೆನ್ನಾಗಿ ನೋಡಿದ. ಒಂದು ಶಬ್ದ ಹೊಡೆದುಹಾಕಿದರೆ ಆಗುತ್ತಿತ್ತು. ಹೊಡೆದುಹಾಕಿದ ಕಡೆ ಸಾಹೇಬರ ಇನ್ನೊಂದು ರುಜು ಬೇಕು. ಮೊದಲೇ ಬರೆದಿಟ್ಟೆಯಾ ಕತ್ತೆ ಎಂದು ಅವರು ಎಲ್ಲರೆದುರು ಬೈಯುತ್ತಾರೆ. ನಲವತ್ತು ಹೆಜ್ಜೆ ನಡೆಯಬೇಕು. ಅವನು 'ದೊಡ್ಡದಾಗಿದೆ' ಎನ್ನುವುದರ ಪಕ್ಕ 'ಒಡೆದಿದೆ' ಎಂದು ಸೇರಿಸಿ ಫಾರಮನ್ನು ಕೊಟ್ಟ.

ಲಂಚವಾದರೂ ತಿಂದಿದ್ದರೆ! ಲಂಚ ತಿಂದವನಿಗೆ ತಾನು ಎಂಥವನೆಂದು ಗೊತ್ತಿರುತ್ತದೆ. ನಾಗಪ್ಪನ ಮುಖವನ್ನೂ ಇವನು ಸರಿಯಾಗಿ ನೋಡಿರಲಿಲ್ಲ. ದೊಡ್ಡ ಗುಲ್ಮವಾದರೆ ಮೆಲ್ಲಗೆ ತಳ್ಳಿದರೂ, ಗಾಡಿಯಿಂದ ಜಾರಿ ಬಿದ್ದರೂ ಒಡೆಯುತ್ತದೆ, ಪಕ್ಕೆಲುಬು ಬಿದ್ದ ಪೆಟ್ಟಿಗೆ ಮುರಿದಿವೆ ಎಂದು ಸಾಹೇಬರು ಕೆಳಗೆ ಅಭಿಪ್ರಾಯ ಬರೆದರು. ನಾನು ಬರೀ ತಳ್ಳಿದೆ ಎಂದು ನಾಗಪ್ಪ ಹೇಳಿದ. ಎರಡೂ ಸರಿಯಾಗಿ ಹೊಂದಿಕೊಂಡವು. ರಸೂಲನನ್ನು ಕೊಂದದ್ದು ಚಳಿಜ್ವರ ಎಂದಾಯಿತು. ಒಂದು ದಿನವೂ ಬಾರದ ಜ್ವರ.

ಚಾಂದ್ ಬಿ ಎದ್ದು ಸೀತಮ್ಮನ ಹತ್ತಿರ ಹೋದಳು. "ಸ್ವಲ್ಪ ಅಡ್ಡ ಆಗವಾ," ಎಂದಳು. ಸೀತಮ್ಮ ಏನೂ ಕೇಳದೆ ಚಾಪೆಯ ಮೇಲೆ ಮಲಗಿ ಮಂಡಿ ಮಡಚಿದಳು. ಚಾಂದ್ ಬಿ ಮೊಣಕಾಲೂರಿ, ಬಲಗೈಯನ್ನು ಅವಳ ಎಡಪಕ್ಕೆಯ ಕೆಳಗೆ ಚಪ್ಪಟೆಯಾಗಿ ಇಟ್ಟು, "ಉಸಿರು ತಗೋ" ಎಂದಳು. ಸಿವಿಲ್ ಸರ್ಜನ್ನರೂ ಹಾಗೇ ಕೈ ಇಡುತ್ತಾರೆ. ಇವಳಿಗೆ ಯಾರು ಕಲಿಸಿದರು? "ಎರಡು ಬೆರಳು ಇಳಿದೈತಿ," ಎಂದಳು. ದೇವಿಯದು ಮೂರು ಬೆರಳು. ಆಮೇಲೆ ಅವಳು ಅವನ ಕಡೆಗೆ ತಿರುಗಿದಳು. "ನನ್ನ ಮಗ ಹುಬ್ಬಳ್ಳಿಯಿಂದ ಬಂದ ವಾರಕ್ಕ ಹೊಟ್ಟಿನೋವು ಅಂದ. ನಾನೇ ಎಣ್ಣಿ ಹಚ್ಚಿ ತಿಕ್ಕಿದೆ. ಒಂದು ಬೆರಳೂ ಕೈಗೆ ಹತ್ತಲಿಲ್ರಿ."

ಪಾಠ ಮುಗಿಯಿತು, ಎಲ್ಲ ಹೊರಡಿ ಎಂದು ಕಮಲಾಕರ ಹೇಳಬಹುದಿತ್ತು. ಹೊರಗೆ ಜಗಲಿಯ ಮೇಲೆ ಕ್ವಿನೈನಿಗೆ ಕಾದು ಕೂತವರು ಕೆಮ್ಮುತ್ತಿದ್ದರು. ಇವಳ ಮೇಲೆ, ಈ ಶಾಂತವಾದ ಕೈಗಳ ಮೇಲೆ, ಎಂಥ ಸಿಟ್ಟು ಉಕ್ಕಿತೆಂದರೆ ಕೋಲನ್ನು ಮೂಲೆಗೆ ಬಿಸಾಕಿ, "ನನ್ನದನ್ನೂ ನೋಡಿಬಿಡು!" ಎಂದು ಕಿರುಚಿದ. ಕಿರುಚಿದ ಮೇಲೆ ಹಿಂದೆ ಸರಿಯಲಾಗಲಿಲ್ಲ. ಅಂಗಿಯನ್ನು ತೆಗೆದು ಗೂಟಕ್ಕೆ ಹಾಕಿ, ರೋಗಿಗಳ ಬೆಂಚಿನ ಮೇಲೆ ಮಲಗಿದ. ಹಲಗೆ ಬೆನ್ನಿಗೆ ತಣ್ಣಗೆ ತಾಗಿತು. ಆರು ಹೆಂಗಸರ ಎದುರು, ಬರಿಮೈಯಲ್ಲಿ, ಕೊಳೆಯಾದ ಜನಿವಾರ ಹೊಟ್ಟೆಯ ಮೇಲೆ. ದೇವಿ ಮುಖ ತಿರುಗಿಸಿಕೊಂಡಳು. ಚಾಂದ್ ಬಿ ಬಂದಳು, ಜನಿವಾರವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು, ಎಡಪಕ್ಕೆಯ ಕೆಳಗೆ ಕೈ ಇಟ್ಟಳು. ಕೈ ಬೆಚ್ಚಗಿತ್ತು. ಒತ್ತಿದಳು. ಒಳಗೆ ಏನೋ ಗಟ್ಟಿಯಾದದ್ದು ಅವಳ ಬೆರಳಿನ ಕೆಳಗೆ ಮಿಸುಕಿತು.

"ನಾಲ್ಕು ಬೆರಳು," ಎಂದಳು. ಕೈ ತೆಗೆಯಲಿಲ್ಲ. "ಇಲ್ಲಿ ಒಂದು ಗುದ್ದು ಬಿದ್ರ ಸಾಕಲ್ಲೇನ್ರಿ?"

"ಸಾಕು."

"ನನ್ನ ಮಗಗ?"

ಮಾಡಿನ ಜಂತಿಯಲ್ಲಿ ಜೇಡವೊಂದು ನಿಂತಿತ್ತು. ಅವನು ಅದನ್ನೇ ನೋಡಿದ. "ಸಾಲುತ್ತಿರಲಿಲ್ಲ. ನೆಲಕ್ಕೆ ಕೆಡವಿ ಬೂಟುಗಾಲಿನಿಂದ ಒದೆಯಬೇಕಿತ್ತು. ಮೂರು ನಾಲ್ಕು ಸಲ." ಜೇಡದಿಂದ ಕಣ್ಣು ಕಿತ್ತು ಅವಳನ್ನು ನೋಡಿದ. "ಸಣ್ಣದಿತ್ತು, ಚಾಂದ್ ಬಿ. ನಾನೇ ಕಣ್ಣಾರೆ ನೋಡಿದೆ. ದೊಡ್ಡದು ಎಂದು ಬರೆದವನೂ ನಾನೇ. ನೋಡುವ ಮೊದಲೇ ಬರೆದಿಟ್ಟಿದ್ದೆ, ಆಮೇಲೆ ತಿದ್ದಲಿಲ್ಲ."

ಈಗ ಅವಳು ಕೂಗುತ್ತಾಳೆ, ಈಗ ಒತ್ತಿ ಒಡೆದೇಬಿಡುತ್ತಾಳೆ ಎಂದು ಕಾದ. ಹಗುರಾಗಿಯೂ ಇತ್ತು, ಹೇಳಿಬಿಟ್ಟೆ ಎಂಬ ಒಂದು ಹೆಮ್ಮೆ ಕೂಡ ಎದೆಯಲ್ಲಿ ಎದ್ದಿತು, ನಾಚಿಕೆಗೆಟ್ಟದ್ದು.

"ಗೊತ್ತೈತಿ," ಎಂದಳು ಚಾಂದ್ ಬಿ. "ಕೆರಿಯ ಅವತ್ತ ಸಂಜೀಕೇ ಬಂದು ಹೇಳಿದ. ಯಲ್ಲಾಪುರಕ್ಕೂ ನನ್ನ ಜೋಡಿ ಬಂದು ಹೇಳಿದ. ಓದಾಕ ಬರದಾಂವಗ ಗುಲ್ಮದ ಅಳತಿ ಏನು ತಿಳೀತೈತಿ ಅಂತ ನಕ್ಕು ಕಳಿಸಿದ್ರು."

"ಮತ್ತೆ ಐದು ವಾರ ಯಾಕೆ ಬಾಯಿ ಮುಚ್ಚಿಕೊಂಡು ಕೂತೆ? ನನ್ನನ್ನೇ ಕೇಳಬಾರದಿತ್ತಾ?" ಹೆಮ್ಮೆಯೆಲ್ಲ ಇಳಿದುಹೋಗಿತ್ತು. ತಾನು ಕೊಟ್ಟದ್ದು ಅವಳ ಹತ್ತಿರ ಮೊದಲೇ ಇತ್ತು.

"ಕೇಳಿದ್ರ ಇಲ್ಲ ಅಂತಿದ್ರಿ. ಒಮ್ಮೆ ಬಾಯಿಂದ ಇಲ್ಲ ಅಂದ್ರ ನಾಳೆ ಅಲ್ಲೂ ಇಲ್ಲ ಅಂತಿದ್ರಿ. ನಿಮ್ಮನ್ನ ನಾ ನೋಡಿಲ್ಲೇನು?" ಹಿತ್ತಿಲು, ಕಂಬ, ಎಲ್ಲವನ್ನೂ ಅವಳು ನೋಡಿದ್ದಳು. "ಅದಕ್ಕ ದಿನಾ ಬಂದು ಎದುರಿಗೆ ಕುಂತೆ. ನಿಮಗ ಸಿಟ್ಟು ಬರಲಿ ಅಂತ. ನನಗ ಬಂದಷ್ಟು ಅಲ್ಲದಿದ್ರೂ, ಸ್ವಲ್ಪ ಬರಲಿ ಅಂತ." ಅವಳ ಬೆರಳುಗಳು ಅವನ ಎಡಪಕ್ಕೆಯನ್ನು ಮತ್ತೊಮ್ಮೆ ಮೆಲ್ಲಗೆ ತಡವಿದವು. "ಸ್ನಾನಾ ಮಾಡಿಸಿ, ಕಫನ್ ಬಟ್ಟಿ ಸುತ್ತಿ ಮುಖ ಅಷ್ಟ ತೋರ್ಸಿದ್ರು. ಹೊಟ್ಟಿ ಮುಟ್ಟಿ ನೋಡ್ತೀನಿ ಅಂದೆ. ಬಿಡಲಿಲ್ಲ ಯಾರೂ."

ಸಿರ್ಸಿಯಿಂದ ಸಾಹೇಬರನ್ನು ತರುವ ಮೋಟಾರಿನ ಹಾರ್ನು ಕೇಳಿಸಿತು, ಗೇಟಿನ ಹತ್ತಿರ ನಿಂತಿತು, ಹೊರಟುಹೋಯಿತು. ಜಗಲಿಯಲ್ಲಿ ಜನ ಎದ್ದು ನಿಂತ ಸದ್ದು. ಕಮಲಾಕರನಿಗೆ ಎದ್ದು ಅಂಗಿ ಹಾಕಿಕೊಳ್ಳಲು ಸಮಯವಿತ್ತು. ಚಾಂದ್ ಬಿಯ ಕೈ ಭಾರವಾಗೇನೂ ಇರಲಿಲ್ಲ, ಸರಿಸಿದ್ದರೆ ಸರಿಯುತ್ತಿತ್ತು. ಅವನು ಸರಿಸಲಿಲ್ಲ. ಡಾಕ್ಟರ್ ಸಾಹೇಬರು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತುಬಿಟ್ಟರು. ಅವರ ಬಾಯಿ ತೆರೆದೇ ಇತ್ತು.

"ಏನಿದು ಹೆಗಡೆ? ತಲೆ ಕೆಟ್ಟಿದೆಯೆ? ಏಳು ಮೇಲೆ!"

"ಸರ್, ಆ ರಸೂಲನ ರಿಪೋರ್ಟು," ಎಂದ, ಮಲಗಿದಲ್ಲಿಂದಲೇ. "ಅದರಲ್ಲಿ ನಾನು ತಪ್ಪು ಬರೆದಿದ್ದೇನೆ. ನೀವು ತಪ್ಪಿಗೆ ರುಜು ಹಾಕಿದ್ದೀರಿ."

ಸಾಹೇಬರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅವರು ಹೆಂಗಸರನ್ನು ನೋಡಿದರು, ಬೆನ್ನ ಹಿಂದೆ ಇಣುಕುತ್ತಿದ್ದ ಜನರನ್ನು ನೋಡಿದರು. ದನಿ ತಗ್ಗಿಸಿ, ಇದ್ದಕ್ಕಿದ್ದಂತೆ ಪ್ರೀತಿಯಿಂದ, "ಏಳಪ್ಪಾ. ಮೈ ಬಿಸಿ ಇರಬೇಕು ನಿನಗೆ. ಒಳಗಿನ ಕೋಣೆಗೆ ಬಾ, ಬಾಗಿಲು ಹಾಕಿಕೊಂಡು ಮಾತಾಡೋಣ" ಎಂದರು. ಹನ್ನೆರಡು ವರ್ಷದಲ್ಲಿ ಅಪ್ಪಾ ಎಂದು ಕರೆದದ್ದು ಇದೇ ಮೊದಲು. ಕಮಲಾಕರನ ಕಾಲು ತಾನಾಗಿಯೇ ಬೆಂಚಿನಿಂದ ಇಳಿಯಿತು. ಒಳಗಿನ ಕೋಣೆಯಲ್ಲಿ ಕುರ್ಚಿ ಇದೆ, ಪರದೆ ಇದೆ. ಅಲ್ಲಿ ಹೋದರೆ ಎಲ್ಲ ಮತ್ತೆ ಮೆತ್ತಗಾಗುತ್ತದೆ, ಮನೆ, ಪರಿಮಳಾ, ಕೂಸು, ಪಿಂಚಣಿ, ಎಲ್ಲ ಇದ್ದಲ್ಲೇ ಉಳಿಯುತ್ತದೆ. ಚಾಂದ್ ಬಿ ಕೈ ತೆಗೆದಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ. ಗೋಡೆಗೆ ಆತು, ಕಣ್ಣು ಮುಚ್ಚಿ, ಮುದುಕಿಯ ಹಾಗೆ ನಿಂತಿದ್ದಳು. ಐದು ವಾರದಲ್ಲಿ ಅವಳು ಅವನ ಮೇಲಿನ ಕಣ್ಣನ್ನು ತೆಗೆದದ್ದು ಆಗಲೇ.

"ಮಾತಾಡುವುದು ಏನೂ ಇಲ್ಲ ಸರ್," ಎಂದ ಕಮಲಾಕರ. ದನಿ ಸಣ್ಣಗೆ ಬಂತು. ಅವನಿಗೆ ಆ ದನಿಯ ಮೇಲೆ, ಹನ್ನೆರಡು ವರ್ಷ ಗಂಟಲಲ್ಲಿ ಇಟ್ಟುಕೊಂಡ ಆ ಹೇಡಿ ದನಿಯ ಮೇಲೆ ಎಂಥ ರೋಷ ಬಂತೆಂದರೆ ಅವನು ಎದ್ದು ನಿಂತು, ಬರಿಮೈಯಲ್ಲೇ ಬಾಗಿಲವರೆಗೆ ಬಂದು, ಸಾಹೇಬರ ಮುಖಕ್ಕೆ ಮುಖ ಕೊಟ್ಟು ಹೇಳಿದ: "ರಸೂಲನ ಗುಲ್ಮ ಸಣ್ಣದಿತ್ತು! ನಾಗಪ್ಪ ತಳ್ಳಲಿಲ್ಲ, ಒದ್ದು ಕೊಂದಿದ್ದಾನೆ. ನಾಳೆ ಯಲ್ಲಾಪುರದಲ್ಲಿ ನಾನು ಹೀಗೇ ಹೇಳುತ್ತೇನೆ!"

ಜಗಲಿಯ ಮೇಲೆ ಕ್ವಿನೈನಿನ ಬಾಟ್ಲಿ ಹಿಡಿದು ನಿಂತಿದ್ದ ಹದಿನೈದು ಇಪ್ಪತ್ತು ಜನರೂ ಅದನ್ನು ಕೇಳಿಸಿಕೊಂಡರು.